ಲಿಂಫೋಮಾ ಕೋಶ ವಿಶ್ಲೇಷಣೆ: ಒಬ್ಬ ಸಂಶೋಧಕರ 64 ಪೇಪರುಗಳ ಪಟ್ಟಿ ಓದುವುದು ಹೇಗೆ?

ಪೆರಿಯ ಎಂಎಸ್ಸಿ

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿಗೆ ಗೈಡ್ ಹುಡುಕುವ ವಿಷಯ. ಒಬ್ಬ ಸಂಶೋಧಕರ ಪಟ್ಟಿ ಕೈಯಲ್ಲಿ ಉಂಟು. ಫ್ಲೋ ಸೈಟೊಮೆಟ್ರಿ (ಕೋಶಗಳಿಗೆ ಹೊಳೆಯುವ ಬಣ್ಣ ಅಂಟಿಸಿ, ಒಂದೊಂದಾಗಿ ಲೇಸರ್ ಮುಂದೆ ಹರಿಸಿ ಅಳೆಯುವುದು) ಮತ್ತು ಬಿ-ಕೋಶ ಲಿಂಫೋಮಾದ (ಬಿಳಿ ರಕ್ತಕಣಗಳ ಒಂದು ಕ್ಯಾನ್ಸರ್) ಮೇಲೆ 64 ಪೇಪರು, ಗೂಗಲ್ ಸ್ಕಾಲರ್‌ನಲ್ಲಿ ಎಚ್-ಇಂಡೆಕ್ಸ್ 23. ವೈದ್ಯಕೀಯ ಪೇಪರುಗಳ ಸೂಚಿ ಪಬ್‌ಮೆಡ್‌ನಲ್ಲಿ ಅದೇ ಹೆಸರು ಹಾಕಿದರೆ 300ಕ್ಕಿಂತ ಮೇಲೆ ಬರ್ತದೆ. ಇದರಲ್ಲಿ ಗಟ್ಟಿ ಕೆಲಸ ಯಾವುದು, ಲೆಕ್ಕ ತುಂಬಿಸಿದ್ದು ಯಾವುದು ಅಂತ ತಿಳಿಯುವುದು ಹೇಗೆ? ಅವರ ಹೆಸರು ಇಲ್ಲಿ ಹಾಕುವುದಿಲ್ಲ, ಕ್ರಮ ಗೊತ್ತಾದರೆ ಸಾಕು.

ಗ್ರಂಥಾಲಯದ ಮಾಷ್ಟ್ರು

ಮೊದಲು ಆ 300ರ ಗೊಂದಲ ಬಿಡಿಸಿ. ನಮ್ಮ ಕಡೆಯ ಹೆಸರುಗಳಿಗೂ ಪಬ್‌ಮೆಡ್‌ಗೂ ಆಗಿಬರುವುದಿಲ್ಲ. ಕೇರಳದ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ "ಶಂಕರ ಕೆ." ಅಂತ ಇನಿಶಿಯಲ್ ಹಿಂದೆ ಬರ್ತದೆ. ಪಬ್‌ಮೆಡ್ ಕೊನೆಯ ಪದವನ್ನೇ ಮನೆತನದ ಹೆಸರು ಅಂತ ಹಿಡಿಯುವುದರಿಂದ ಅವರು ಅಲ್ಲಿ "ಕೆ ಎಸ್" ಆಗಿಬಿಡ್ತಾರೆ. ಅದೇ ಮನುಷ್ಯ ಮಂಗಳೂರಿಗೆ ಹೋಗಿ "ಶಂಕರ ಭಟ್" ಅಂತ ಬರೆದರೆ "ಭಟ್ ಎಸ್". ಆ "ಭಟ್ ಎಸ್" ಒಳಗೆ ಸತೀಶ, ಸವಿತಾ, ಸುಬ್ರಹ್ಮಣ್ಯ ಎಲ್ಲರೂ ಇರ್ತಾರೆ, ಕಾಶ್ಮೀರದ ಭಟ್‌ಗಳೂ ಇರ್ತಾರೆ. ಹಾಗಾಗಿ ಎರಡೂ ರೂಪದಲ್ಲಿ ಹುಡುಕಿ, ಆಮೇಲೆ ಸೋಸಿ.

ಸೋಸುವ ಕ್ರಮ: ಅವರ ಆರ್ಕಿಡ್ ಸಂಖ್ಯೆ (ಸಂಶೋಧಕರ ಗುರುತಿನ ಸಂಖ್ಯೆ) ಇದ್ದರೆ ಅದರಿಂದ ಶುರು ಮಾಡಿ. 16 ಅಂಕಿಯದ್ದು, ಕೊನೆಯದ್ದು ಕೆಲವೊಮ್ಮೆ ಎಕ್ಸ್ ಇರ್ತದೆ. ಆದರೆ ಅದು 2012ರಲ್ಲಿ ಶುರುವಾದದ್ದು, ಮತ್ತೆ ತುಂಬಿಸುವುದು ಅವರವರೇ. ಹಳೆಯ ಪೇಪರು ಬಿಟ್ಟುಹೋಗಿರಬಹುದು. ಪಬ್‌ಮೆಡ್‌ನಲ್ಲಿ ಸಂಸ್ಥೆಯ ಹೆಸರು ಸೇರಿಸಿ ಹುಡುಕುವಾಗ ಒಂದು ತೊಡಕು ಉಂಟು: 2014ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಸಾಮಾನ್ಯವಾಗಿ ಮೊದಲ ಲೇಖಕರ ವಿಳಾಸ ಮಾತ್ರ ಇರುವುದು. ನಿಮ್ಮವರು ನಡುವಿನ ಲೇಖಕರಾಗಿದ್ದರೆ ಆ ಪೇಪರು ಸಿಕ್ಕುವುದಿಲ್ಲ. 2002ರ ಹಿಂದಿನದ್ದರಲ್ಲಿ ಪೂರ್ತಿ ಹೆಸರೂ ಇಲ್ಲ, ಇನಿಶಿಯಲ್ ಮಾತ್ರ. ಅಂಥದ್ದಕ್ಕೆ ಜೊತೆಲೇಖಕರನ್ನು ಹಿಡಿಯಿರಿ. ಪದೇಪದೇ ಬರುವ ಎರಡು ಮೂರು ಹೆಸರು ಪ್ರತಿಯೊಬ್ಬರ ಪಟ್ಟಿಯಲ್ಲೂ ಇರ್ತದೆ.

ಇನ್ನು ಗೂಗಲ್ ಸ್ಕಾಲರ್‌ನ 64. ಅಮೆರಿಕದ ಹೆಮಟಾಲಜಿ ಸೊಸೈಟಿಯ ಡಿಸೆಂಬರ್ ಸಮ್ಮೇಳನದ ಅಬ್‌ಸ್ಟ್ರ್ಯಾಕ್ಟ್‌ಗಳು "ಬ್ಲಡ್" ಪತ್ರಿಕೆಯ ಸಪ್ಲಿಮೆಂಟ್‌ನಲ್ಲಿ ಅಚ್ಚಾಗ್ತವೆ. ಪಟ್ಟಿಯಲ್ಲಿ ನೋಡುವಾಗ ಥೇಟ್ ಬ್ಲಡ್ ಪೇಪರಿನ ಹಾಗೆಯೇ. ಸಂಪುಟದ ಪಕ್ಕ "ಸಪ್ಲಿಮೆಂಟ್ 1" ಅಂತ ಉಂಟಾ ನೋಡಿ, ಇದ್ದರೆ ಅದು ಒಂದೆರಡು ಪುಟದ್ದು. ಒಂದೇ ಕೆಲಸ ಅಬ್‌ಸ್ಟ್ರ್ಯಾಕ್ಟ್ ಆಗಿ, ಬಯೋ-ಆರ್ಕೈವ್ ಪ್ರಿಪ್ರಿಂಟ್ (ವಿಮರ್ಶೆಗೆ ಮುಂಚಿನ ಕರಡು) ಆಗಿ, ಕೊನೆಗೆ ಪೇಪರಾಗಿ ಮೂರು ಸಾಲು ಹಿಡಿದಿರಬಹುದು. ಅದರಲ್ಲಿ ಮೋಸ ಏನಿಲ್ಲ, ನೀವು ಎಣಿಸುವಾಗ ಒಂದೇ ಅಂತ ಎಣಿಸಿ.

ನೀರ್ಚಾಲು

ಎಚ್-ಇಂಡೆಕ್ಸ್ 23 ಉಂಟಲ್ಲ ಮಾರಾಯ್ರೆ, ಇಷ್ಟೆಲ್ಲ ತಲೆಬಿಸಿ ಯಾಕೆ?

ಗ್ರಂಥಾಲಯದ ಮಾಷ್ಟ್ರು

@ನೀರ್ಚಾಲು ಅದು 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಕೊಟ್ಟ ಅಳತೆ. 23 ಪೇಪರುಗಳಿಗೆ ಒಂದೊಂದಕ್ಕೆ ಕಡಿಮೆಯೆಂದರೆ 23 ಉಲ್ಲೇಖ ಬಂದಿದೆ ಅಂತ ಅರ್ಥ, ಅಷ್ಟೆ. ಆ 23ರಲ್ಲಿ ಹದಿನೆಂಟು 40 ಲೇಖಕರ ದೊಡ್ಡ ಟ್ರಯಲ್‌ಗಳಾಗಿದ್ದು ಇವರು 27ನೆಯವರಾಗಿದ್ದರೂ ಸಂಖ್ಯೆ ಅದೇ. ವರ್ಷ ಕಳೆದಂತೆ ಅದು ಏರುವುದೇ ಹೊರತು ಇಳಿಯುವುದಿಲ್ಲ. ಕೆಲಸ ನಿಲ್ಲಿಸಿದವರದ್ದೂ ಏರ್ತದೆ.

ಹೊಸದುರ್ಗ

ನಡುವಿನ ಲೇಖಕ ಅಂದ ಕೂಡಲೇ ತಳ್ಳಿಹಾಕಬೇಡಿ. ಲಿಂಫೋಮಾ ಟ್ರಯಲ್‌ಗಳಲ್ಲಿ ಫ್ಲೋ ಮಾಡುವವರ ಹೆಸರು ಯಾವಾಗಲೂ ನಡುವೆಯೇ. ಪೇಪರಿನ ಕೊನೆಯಲ್ಲಿ ಯಾರು ಏನು ಮಾಡಿದರು ಅಂತ ಒಂದು ಪ್ಯಾರಾ ಇರ್ತದೆ, ಅದನ್ನು ಓದಿ. "ಸೈಟೊಮೆಟ್ರಿ ದತ್ತಾಂಶ ವಿಶ್ಲೇಷಿಸಿದರು" ಅಂತ ಇದ್ದರೆ ಅದು ಅವರದೇ ಕೆಲಸ. "ರೋಗಿಗಳನ್ನು ಸೇರಿಸಿದರು" ಮಾತ್ರ ಇದ್ದರೆ ಪಿಎಚ್‌ಡಿ ಮಾಡುವವರಿಗೆ ಅಲ್ಲಿ ಕಲಿಯಲು ಎಂತದೂ ಇಲ್ಲ.

ಉಪ್ಪಳದ ಫ್ಲೋ ಅಕ್ಕ

ಮಾಷ್ಟ್ರು ಪಟ್ಟಿ ಸೋಸಿ ಕೊಟ್ಟರು. ಈಗ ಒಳಗೆ ಹೋಗುವ. 64ನ್ನೂ ಓದಬೇಡಿ. ಅವರೇ ಮೊದಲ ಅಥವಾ ಕೊನೆಯ ಲೇಖಕರಾಗಿರುವ ಐದು ಪೇಪರು ತೆಗೆಯಿರಿ, ಒಂದು ಹಳೆಯದ್ದು, ಒಂದು ಕಳೆದ ಎರಡು ವರ್ಷದ್ದು ಇರಲಿ. ಪೀಠಿಕೆ, ಚರ್ಚೆ ಎರಡನ್ನೂ ಬಿಟ್ಟು ನೇರ ವಿಧಾನದ ಭಾಗಕ್ಕೆ ಮತ್ತು ಗೇಟಿಂಗ್ ಚಿತ್ರಕ್ಕೆ (ಯಾವ ಕೋಶಗಳನ್ನು ಗೆರೆ ಹಾಕಿ ಆರಿಸಿದರು ಅಂತ ತೋರಿಸುವುದು) ಹೋಗಿ. ಗೇಟಿಂಗ್ ಚಿತ್ರ ಸಪ್ಲಿಮೆಂಟರಿ ಫೈಲಿನಲ್ಲಿ ಅಡಗಿರ್ತದೆ. ಎಲ್ಲಿಯೂ ಇಲ್ಲದಿದ್ದರೆ ಆ ಪೇಪರಿನ ಶೇಕಡಾವಾರುಗಳನ್ನು ನಂಬಬೇಡಿ.

ಚಿತ್ರದಲ್ಲಿ ಹೀಗೆ ಹೋಗಿ. ಮೊದಲ ಚೌಕದಲ್ಲಿ ಫಾರ್ವರ್ಡ್ ಸ್ಕ್ಯಾಟರ್‌ನ (ಕೋಶದ ಗಾತ್ರ ತೋರಿಸುವ ಬೆಳಕಿನ ಸಂಕೇತ) ಏರಿಯಾ ಒಂದು ಕಡೆ, ಹೈಟ್ ಇನ್ನೊಂದು ಕಡೆ ಇರಬೇಕು. ಒಂಟಿ ಕೋಶಗಳು ಓರೆ ಗೆರೆಯ ಮೇಲೆ ಸಾಲಾಗಿ ಕೂರ್ತವೆ, ಅಂಟಿಕೊಂಡ ಜೋಡಿ ಆ ಗೆರೆಯಿಂದ ಪಕ್ಕಕ್ಕೆ ಸರೀತದೆ. ಈ ಹೆಜ್ಜೆ ಬಿಟ್ಟರೆ ಒಂದು ಟಿ-ಕೋಶಕ್ಕೆ ಒಂದು ಬಿ-ಕೋಶ ಅಂಟಿಕೊಂಡದ್ದು ಸಿಡಿ3 (ಟಿ-ಕೋಶದ ಗುರುತು) ಮತ್ತು ಸಿಡಿ19 (ಬಿ-ಕೋಶದ ಗುರುತು) ಎರಡೂ ಇರುವ "ಹೊಸ ಜಾತಿಯ ಕೋಶ" ಆಗಿ ಪ್ರಕಟವಾಗ್ತದೆ. ಎರಡನೆಯದು ಸತ್ತ ಕೋಶ ತೆಗೆಯುವ ಬಣ್ಣ. ಸತ್ತ ಕೋಶ ಯಾವ ಆಂಟಿಬಾಡಿ ಹಾಕಿದರೂ ಹೀರಿಕೊಳ್ತದೆ. ಲಿಂಫ್ ನೋಡ್ (ದುಗ್ಧಗ್ರಂಥಿಯ ಗಂಟು) ಸ್ಯಾಂಪಲ್‌ನಲ್ಲಿ ಸತ್ತದ್ದು ಬೇಕಾದಷ್ಟು ಇರುವುದರಿಂದ ರಕ್ತಕ್ಕಿಂತ ಇಲ್ಲಿ ಇದು ಮುಖ್ಯ. ಆಮೇಲೆ ಸಿಡಿ45 (ಬಿಳಿ ರಕ್ತಕಣಗಳ ಗುರುತು), ಸಿಡಿ19, ಕೊನೆಗೆ ಕಪ್ಪಾ-ಲ್ಯಾಂಬ್ಡಾ, ಅಂದರೆ ಬಿ-ಕೋಶದ ಆಂಟಿಬಾಡಿಯ ಎರಡು ಬಗೆಯ ಸರಪಳಿ; ಒಂದು ಕೋಶದಲ್ಲಿ ಸಾಮಾನ್ಯವಾಗಿ ಒಂದೇ ಬಗೆ.

ಕಪ್ಪಾ-ಲ್ಯಾಂಬ್ಡಾದಲ್ಲಿಯೇ ಕೈಚಳಕ ಗೊತ್ತಾಗುವುದು. ಸಾಮಾನ್ಯ ಬಿ-ಕೋಶಗಳಲ್ಲಿ ಕಪ್ಪಾ ಹೆಚ್ಚು, ಒಂದು ಲ್ಯಾಂಬ್ಡಾಕ್ಕೆ ಒಂದೂವರೆ, ಎರಡು ಕಪ್ಪಾ. 3ಕ್ಕಿಂತ ಮೇಲೆ ಅಥವಾ 0.5ಕ್ಕಿಂತ ಕೆಳಗೆ ಹೋದರೆ ಒಂದೇ ಕೋಶದಿಂದ ಹುಟ್ಟಿದ ಕ್ಲೋನ್ ಅಂತ ಸಂಶಯ. ಆದರೆ ಎಲ್ಲ ಬಿ-ಕೋಶಗಳನ್ನು ಒಟ್ಟಿಗೆ ಎಣಿಸಿದರೆ ರೋಗ ಅಡಗಿಕೊಳ್ತದೆ. ಫಾಲಿಕ್ಯುಲರ್ ಲಿಂಫೋಮಾದ ಗಂಟಿನಲ್ಲಿ ಉಳಿದ ಒಳ್ಳೆಯ ಬಿ-ಕೋಶಗಳೂ ಇರುವುದರಿಂದ ಒಟ್ಟು ಅನುಪಾತ 2.1 ಬಂದು ಸರಿಯಾಗಿಯೇ ಕಾಣಬಹುದು. ಸಿಡಿ10 (ಈ ಲಿಂಫೋಮಾದಲ್ಲಿ ಸಾಮಾನ್ಯವಾಗಿ ಕಾಣುವ ಗುರುತು) ಇರುವ ಬಿ-ಕೋಶಗಳಿಗೆ ಮಾತ್ರ ಗೇಟ್ ಹಾಕಿ ನೋಡಿದರೆ ಅದೇ ಸ್ಯಾಂಪಲ್‌ನಲ್ಲಿ 14ಕ್ಕೆ 1 ಇರಬಹುದು. ಗೊತ್ತಿರುವವರು ಹೀಗೆ ಬಿಡಿಸಿಯೇ ತೋರಿಸ್ತಾರೆ.

ಮತ್ತೆ, ರಕ್ತದ ಸ್ಯಾಂಪಲ್ ಆಗಿದ್ದರೆ ಕಪ್ಪಾ-ಲ್ಯಾಂಬ್ಡಾ ಹಾಕುವ ಮೊದಲು ತೊಳೆದಿದ್ದಾರಾ ನೋಡಿ. ಸೀರಮ್‌ನಲ್ಲಿ ತೇಲುವ ಇಮ್ಯುನೊಗ್ಲಾಬ್ಯುಲಿನ್‌ಗೂ ಅದೇ ಕಪ್ಪಾ-ಲ್ಯಾಂಬ್ಡಾ ಸರಪಳಿ ಉಂಟಲ್ಲ, ಹಾಕಿದ ಆಂಟಿಬಾಡಿಯನ್ನೆಲ್ಲ ಅದೇ ಕುಡಿದುಬಿಡ್ತದೆ, ಕೋಶ ಬಣ್ಣವಿಲ್ಲದೆ ಉಳೀತದೆ. ಬೆಚ್ಚಗಿನ ಪಿಬಿಎಸ್ ಉಪ್ಪು ದ್ರಾವಣದಲ್ಲಿ ಎರಡು ಮೂರು ಸಲ ತೊಳೆಯಬೇಕು. ವಿಧಾನದಲ್ಲಿ ಈ ಒಂದು ಸಾಲು ಇದ್ದರೆ ಬೆಂಚಿನಲ್ಲಿ ಕೆಲಸ ಮಾಡುವವರೇ ಬರೆದದ್ದು ಅಂತ ಲೆಕ್ಕ.

ಆಂಟಿಬಾಡಿ ಪಟ್ಟಿಯಲ್ಲಿ ಕ್ಲೋನ್ (ಇಲ್ಲಿ ಆಂಟಿಬಾಡಿಯ ತಳಿಯ ಹೆಸರು), ಬಣ್ಣ, ಕಂಪೆನಿ ಮೂರೂ ಇರಬೇಕು. "ಆಂಟಿ-ಸಿಡಿ20 ಬಳಸಲಾಯಿತು" ಅಂತ ಮಾತ್ರ ಇದ್ದರೆ ಬೇರೆಯವರು ಅದನ್ನು ಮತ್ತೆ ಮಾಡಿನೋಡಲು ಆಗುವುದಿಲ್ಲ. ಎಂತೆಂತ ಬರೆಯಬೇಕು ಎಂಬುದಕ್ಕೆ ಮೈಫ್ಲೋಸೈಟ್ ಎಂಬ ಮಾನದಂಡ 2008ರಿಂದಲೇ ಉಂಟು. ಪಿಇ-ಸೈ7 ತರದ ಟ್ಯಾಂಡಮ್ ಬಣ್ಣ (ಎರಡು ಬಣ್ಣ ಜೋಡಿಸಿದ್ದು) ಇದ್ದರೆ ಇನ್ನೊಂದು ಅಪಾಯ. ಬೆಳಕಿಗೆ ಬಿಟ್ಟರೆ ಜೋಡಿ ಮುರಿದು ಬರೀ ಪಿಇ ಆಗಿ ಹೊಳೀತದೆ. ಪಿಇ ಚಾನೆಲ್‌ನಲ್ಲಿ ಇಲ್ಲದ ಕೋಶ ಕಾಣ್ತದೆ. ಮಸುಕಾದ ಗುರುತುಗಳಿಗೆ ಗೇಟ್ ಎಲ್ಲಿ ಹಾಕಿದರು ಎಂಬುದಕ್ಕೆ ಎಫ್‌ಎಂಒ ಕಂಟ್ರೋಲ್ ಬೇಕು, ಅಂದರೆ ಒಂದು ಬಣ್ಣ ಬಿಟ್ಟು ಉಳಿದೆಲ್ಲ ಹಾಕಿದ ಟ್ಯೂಬ್.

ಪೆರಿಯ ಎಂಎಸ್ಸಿ

ಥ್ಯಾಂಕ್ಸ್ ಅಕ್ಕ. ಅವರ ನಾಲ್ಕು ಪೇಪರು ಫಾಸ್ಫೋ-ಫ್ಲೋ ಮೇಲೆ ಉಂಟು. ಅದರಲ್ಲಿ ಎಂತ ನೋಡುವುದು?

ಉಪ್ಪಳದ ಫ್ಲೋ ಅಕ್ಕ

ಅದರಲ್ಲಿ ಕೋಶದ ಒಳಗಿನ ಸಂಕೇತವನ್ನು ಅಳೆಯುವುದು. ಬಿ-ಕೋಶದ ರಿಸೆಪ್ಟರ್ ಕೆಣಕಿ, ಕೆಲವೇ ನಿಮಿಷದಲ್ಲಿ ಫಾರ್ಮಾಲ್ಡಿಹೈಡ್ ಹಾಕಿ ನಿಲ್ಲಿಸಿ, ತಣ್ಣನೆಯ ಮೆಥನಾಲ್‌ನಲ್ಲಿ ಪೊರೆ ತೂತು ಮಾಡಿ, ಆಮೇಲೆ ಬಣ್ಣ. ಸಾಮಾನ್ಯ ಕ್ರಮ 1.6 ಶೇಕಡ ಫಾರ್ಮಾಲ್ಡಿಹೈಡ್, ಕೋಣೆಯ ಬಿಸಿಯಲ್ಲಿ 10 ನಿಮಿಷ. ಪಿಇ, ಎಪಿಸಿ ಬಣ್ಣಗಳು ಮತ್ತು ಅವುಗಳ ಟ್ಯಾಂಡಮ್‌ಗಳು ಪ್ರೋಟೀನ್ ಆದ್ದರಿಂದ ಮೆಥನಾಲ್‌ಗೆ ಹಾಳಾಗ್ತವೆ. ಅವನ್ನು ಮೆಥನಾಲ್ ಆದ ಮೇಲೆ ಹಾಕಿದ್ದಾರಾ ನೋಡಿ. ಮೊದಲೇ ಹಾಕಿದ್ದರೆ ಫಲಿತಾಂಶ ಹೇಗೆ ಬಂತು ಅಂತ ಕೇಳಬೇಕಾಗ್ತದೆ. ಏನೂ ಕೆಣಕದ ಟ್ಯೂಬ್ ಪಕ್ಕದಲ್ಲಿ ಇರಲೇಬೇಕು. ಫ್ರೀಜರ್‌ನಿಂದ ಕರಗಿಸಿದ ಕೋಶವಾದರೆ ಕೆಣಕುವ ಮೊದಲು 37 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಸುಧಾರಿಸಲು ಬಿಟ್ಟಿರಬೇಕು.

ಬದಿಯಡ್ಕ ಪೆಥಾಲಜಿ

ಫ್ಲೋದವರು ಮರೆಯುವ ಒಂದು ವಿಷಯ: ಕಾಯಿಲೆಯ ಹೆಸರು ವರ್ಷಕ್ಕೆ ತಕ್ಕ ಹಾಗೆ ಬದಲಾಗ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ 2001, 2008, ಮತ್ತೆ 2016ರ ಪರಿಷ್ಕರಣೆ, 2022ರ ಐದನೆಯ ಆವೃತ್ತಿ, ಹೀಗೆ ಬಂದಿದೆ. 2022ರಲ್ಲಿಯೇ ಐಸಿಸಿ ಎಂಬ ಇನ್ನೊಂದು ವರ್ಗೀಕರಣವೂ ಬಂದು ಎರಡು ದಾರಿ ಆಯಿತು. 2016ರಲ್ಲಿ "ಡಬಲ್ ಹಿಟ್" ಅಂದರೆ ಎಂವೈಸಿ ಜೀನ್ ಜೊತೆ ಬಿಸಿಎಲ್2 ಅಥವಾ ಬಿಸಿಎಲ್6 ಜೀನ್ ಕೂಡ ಮುರಿದು ಜಾಗ ಬದಲಿಸಿದ್ದು. 2022ರ ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕದಲ್ಲಿ ಬಿಸಿಎಲ್6ನದ್ದು ಆ ಗುಂಪಿನಿಂದ ಹೊರಗೆ. ಒಬ್ಬರ 2012ರ ಪೇಪರನ್ನು 2023ರ ಪೇಪರಿನ ಜೊತೆ ಇಟ್ಟು "ಫಲಿತಾಂಶ ಬದಲಾಯಿತು" ಅಂತ ಹೇಳುವ ಮೊದಲು ರೋಗಿಗಳ ಗುಂಪೇ ಬದಲಾಗಿದೆಯಾ ನೋಡಬೇಕು.

ಡಿಫ್ಯೂಸ್ ಲಾರ್ಜ್ ಬಿ-ಕೋಶ ಲಿಂಫೋಮಾವನ್ನು ಜರ್ಮಿನಲ್ ಸೆಂಟರ್, ನಾನ್-ಜರ್ಮಿನಲ್ ಅಂತ (ಯಾವ ಹಂತದ ಬಿ-ಕೋಶದಿಂದ ಹುಟ್ಟಿತು ಎಂಬುದರ ಮೇಲೆ) ಒಡೆದಿದ್ದರೆ ಹೇಗೆ ಒಡೆದರು ಎಂಬುದೂ ಮುಖ್ಯ. 2000ದಲ್ಲಿ ಬಂದ ಮೂಲ ವಿಂಗಡಣೆ ಜೀನ್ ಎಕ್ಸ್‌ಪ್ರೆಶನ್‌ನಿಂದ. ಆಸ್ಪತ್ರೆಗಳಲ್ಲಿ ಮಾಡುವುದು 2004ರ ಹ್ಯಾನ್ಸ್ ಕ್ರಮ, ಸ್ಲೈಡಿನ ಮೇಲೆ ಸಿಡಿ10, ಬಿಸಿಎಲ್6, ಎಂಯುಎಂ1 ಮೂರು ಬಣ್ಣ, 30 ಶೇಕಡ ಕೋಶ ಬಣ್ಣ ಹಿಡಿದರೆ ಪಾಸಿಟಿವ್. ಎರಡೂ ಎಲ್ಲ ರೋಗಿಗಳಲ್ಲೂ ಒಂದೇ ಉತ್ತರ ಕೊಡುವುದಿಲ್ಲ.

ಸ್ಯಾಂಪಲ್ ವಿಷಯ. ಗಂಟು ತೆಗೆದ ಕೂಡಲೇ ಫಾರ್ಮಲಿನ್ ಬಾಟಲಿಗೆ ಹಾಕಿದರೆ ಸ್ಲೈಡ್ ಆಗ್ತದೆ, ಫ್ಲೋ ಆಗುವುದಿಲ್ಲ. ನಮ್ಮ ಕಡೆ ಹೆಚ್ಚಾಗಿ ನಡೆಯುವುದು ಅದೇ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಅದೇ ದಿನ ತಲುಪಿಸುವುದು ಕಷ್ಟವೇ ಅಲ್ಲ, ಆದರೆ ಬಾಟಲಿಯಲ್ಲಿ ಎಂತ ಉಂಟು ಎಂಬುದರ ಮೇಲೆ ಎಲ್ಲ. ಒಂದು ತುಂಡನ್ನು ಫಾರ್ಮಲಿನ್‌ಗೆ, ಇನ್ನೊಂದನ್ನು ಆರ್‌ಪಿಎಂಐ ದ್ರವದಲ್ಲಿ 4 ಡಿಗ್ರಿಯಲ್ಲಿ, ಐಸ್ ನೇರ ತಾಗದ ಹಾಗೆ ಕಳಿಸಬೇಕು. ರಕ್ತವಾದರೆ ಇಡಿಟಿಎ ಟ್ಯೂಬಿನಲ್ಲಿ ಕೋಣೆಯ ಬಿಸಿಯಲ್ಲೇ ಇರಲಿ, ಫ್ರಿಜ್ ಬೇಡ. ಲ್ಯಾಬಿನಲ್ಲಿ ತುಂಡನ್ನು ಸಣ್ಣಗೆ ಕತ್ತರಿಸಿ 70 ಮೈಕ್ರಾನ್ ಜರಡಿಯಲ್ಲಿ ಸೋಸಿ, ಟ್ಯೂಬಿಗೆ ಸುಮಾರು 10 ಲಕ್ಷ ಕೋಶ. ಪೇಪರಿನಲ್ಲಿ ಹಲವು ಆಸ್ಪತ್ರೆಗಳ ಸ್ಯಾಂಪಲ್ ಇದ್ದರೆ "ತೆಗೆದು ಎಷ್ಟು ಗಂಟೆಯೊಳಗೆ ಮಾಡಿದರು, ಬದುಕಿದ್ದ ಕೋಶ ಎಷ್ಟು ಶೇಕಡ" ಎರಡನ್ನೂ ಹುಡುಕಿ. ದೊಡ್ಡ ಕೋಶದ ಲಿಂಫೋಮಾದಲ್ಲಿ ಜರಡಿ ಹಿಡಿಯುವಾಗಲೇ ಕ್ಯಾನ್ಸರ್ ಕೋಶ ಒಡೆದು, ಸಣ್ಣ ಟಿ-ಕೋಶ ಮಾತ್ರ ಉಳಿದು, ಫ್ಲೋ "ಏನಿಲ್ಲ" ಅಂತ ಹೇಳ್ತದೆ. ಸ್ಲೈಡಿನಲ್ಲಿ ರೋಗ ಎದುರಿಗೇ ಇರ್ತದೆ. ಇಂಥ ವ್ಯತ್ಯಾಸ ಎಷ್ಟು ಸಲ ಬಂತು ಅಂತ ಬರೆದವರನ್ನು ನಾನು ಹೆಚ್ಚು ನಂಬುವುದು.

ನೀರ್ಚಾಲು

ಹಾಡ್ಜ್‌ಕಿನ್ ಕೂಡ ಹೀಗೆಯಾ ಡಾಕ್ಟ್ರೆ?

ಬದಿಯಡ್ಕ ಪೆಥಾಲಜಿ

@ನೀರ್ಚಾಲು ಇನ್ನೂ ಕಷ್ಟ. ಹಾಡ್ಜ್‌ಕಿನ್‌ನ ಕ್ಯಾನ್ಸರ್ ಕೋಶವಾದ ರೀಡ್-ಸ್ಟರ್ನ್‌ಬರ್ಗ್ ಕೋಶ ಗಂಟಿನಲ್ಲಿ ಹೆಚ್ಚಾಗಿ 1 ಶೇಕಡಕ್ಕಿಂತಲೂ ಕಡಿಮೆ, ಅದೂ ಸುತ್ತ ಟಿ-ಕೋಶಗಳ ಮಾಲೆ ಹಾಕಿಕೊಂಡು ಕೂತಿರ್ತದೆ. ಸಾಮಾನ್ಯ ಪ್ಯಾನೆಲ್‌ನಲ್ಲಿ (ಒಟ್ಟಿಗೆ ಹಾಕುವ ಆಂಟಿಬಾಡಿಗಳ ಗುಂಪು) ಸಿಕ್ಕುವುದಿಲ್ಲ. ಅದಕ್ಕೆಂದೇ ಪ್ಯಾನೆಲ್ ಕಟ್ಟಿ ಮಾಡಿದವರಿದ್ದಾರೆ. ಆದರೆ ನಿರ್ಣಯ ಇವತ್ತಿಗೂ ಸ್ಲೈಡ್, ಸಿಡಿ30, ಸಿಡಿ15 ಮೇಲೆಯೇ.

ಮಂಜೇಶ್ವರ ಲೆಕ್ಕ

ಅಂಕಿಅಂಶದಲ್ಲಿ ಮೂರೇ ವಿಷಯ ಹೇಳ್ತೇನೆ.

ಕೋಶ ಎಷ್ಟೇ ಇದ್ದರೂ ಎಣಿಕೆ ರೋಗಿಗಳದ್ದು. ಆರು ರೋಗಿಗಳಿಂದ ತಲಾ 1 ಲಕ್ಷ ಕೋಶ ಓಡಿಸಿ 6 ಲಕ್ಷದ ಮೇಲೆ ಪಿ-ವ್ಯಾಲ್ಯೂ ತೆಗೆದರೆ ಸೊನ್ನೆಗಳ ಸಾಲೇ ಬರ್ತದೆ. ಅಲ್ಲಿ ಎನ್ ಅಂದರೆ 6 ಮಾತ್ರ.

20 ಗುರುತುಗಳನ್ನು ಒಂದೊಂದಾಗಿ 0.05 ಗೆರೆಯಲ್ಲಿ ಪರೀಕ್ಷಿಸಿದರೆ, ಯಾವುದರಲ್ಲಿಯೂ ಏನೂ ಇಲ್ಲದಿದ್ದರೂ ಕಡಿಮೆಯೆಂದರೆ ಒಂದು "ಮಹತ್ವದ್ದು" ಅಂತ ಬರುವ ಸಾಧ್ಯತೆ 64 ಶೇಕಡ. 0.95ನ್ನು 20 ಸಲ ಗುಣಿಸಿ 1ರಿಂದ ಕಳೆಯಿರಿ, ಅಷ್ಟೆ. ತಿದ್ದುಪಡಿ ಮಾಡಿದ್ದಾರಾ ನೋಡಿ.

ಚಿಕಿತ್ಸೆಯ ನಂತರ ಉಳಿದ ರೋಗದ ಪೇಪರಾದರೆ ಎಷ್ಟು ಕೋಶ ಓಡಿಸಿದರು ನೋಡಿ. 0.01 ಶೇಕಡ ಮಟ್ಟದಲ್ಲಿ 50 ಕೋಶ ಕಾಣಬೇಕಾದರೆ 5 ಲಕ್ಷ ಬೇಕು. 50 ಕೋಶ ಕಂಡರೂ ಎಣಿಕೆಯ ಅಲುಗಾಟ ಸುಮಾರು 14 ಶೇಕಡ. 50 ಸಾವಿರ ಓಡಿಸಿ "0.01ರಲ್ಲಿ ನೆಗೆಟಿವ್" ಅಂದರೆ ಐದು ಕೋಶದ ಮೇಲೆ ಮನೆ ಕಟ್ಟಿದ ಹಾಗೆ.

ಟಿ-ಸ್ನೀ, ಯುಮ್ಯಾಪ್ (ಹಲವು ಗುರುತುಗಳ ಅಳತೆಯನ್ನು ಒಂದೇ ನಕ್ಷೆಯಲ್ಲಿ ತೋರಿಸುವ ಕ್ರಮಗಳು) ಬಣ್ಣದ ದ್ವೀಪಗಳಿಗೆ ಮರುಳಾಗಬೇಡಿ. ದ್ವೀಪಗಳ ನಡುವಿನ ದೂರಕ್ಕೆ ನೇರ ಅರ್ಥ ಇಲ್ಲ. ರೋಗಿಗಳ ಸ್ಯಾಂಪಲ್ ಒಂದು ತಿಂಗಳು, ಆರೋಗ್ಯವಂತರದ್ದು ಇನ್ನೊಂದು ತಿಂಗಳು ಓಡಿಸಿದ್ದರೆ ದ್ವೀಪ ಒಡೆಯುವುದು ಮೆಷಿನ್‌ನಿಂದಲೂ ಆಗಬಹುದು. ಮೂರು ಅಂತ ಹೇಳಿ ನಾಲ್ಕಾಯಿತು, ಇರಲಿ.

ಹೊಸದುರ್ಗ

ಪಟ್ಟಿಯಲ್ಲಿ ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಸುತ್ತಲೇ ಇರುವ ಕೋಶ) ಪೇಪರುಗಳಿದ್ದರೆ ಬೇರೆ ರಾಶಿ ಮಾಡಿ. ರಾಜಿ ಎಂಬುದು 1963ರಲ್ಲಿ ನೈಜೀರಿಯಾದ ಒಬ್ಬ ಹುಡುಗನ ಬರ್ಕಿಟ್ ಲಿಂಫೋಮಾದ ಗಂಟಿನಿಂದ ಬೆಳೆಸಿದ್ದು, ಒಳಗೆ ಎಪ್‌ಸ್ಟೀನ್-ಬಾರ್ ವೈರಸ್ ಉಂಟು. ರಾಮೋಸ್ ಕೂಡ ಬರ್ಕಿಟ್, ಆದರೆ ಅದರಲ್ಲಿ ವೈರಸ್ ಇಲ್ಲ. "ನಮ್ಮ ಸೊಪ್ಪಿನ ರಸ ರಾಜಿಯನ್ನು ಕೊಂದಿತು" ಎಂಬ ಪೇಪರು ಎಷ್ಟು ಬೇಕಾದರೂ ಸಿಕ್ತದೆ. ಎಸ್‌ಟಿಆರ್ ಎಂಬ ಡಿಎನ್‌ಎ ಪರೀಕ್ಷೆ ಮಾಡಿ ಲೈನ್ ಅದೇ ಅಂತ ಖಾತ್ರಿ ಮಾಡಿದ್ದಾರಾ, ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ ಸೇರಿದೆಯಾ ಅಂತ ನೋಡಿದ್ದಾರಾ, ಇಷ್ಟು ಬೇಕು. ಸಾಯುವ ಕೋಶಕ್ಕೆ ಅಂಟುವ ಅನೆಕ್ಸಿನ್ ವಿ ಹಾಕಿ ಸಾವು ಅಳೆದಿದ್ದರೆ ಬಫರ್‌ನಲ್ಲಿ ಕ್ಯಾಲ್ಸಿಯಂ ಉಂಟಾ ನೋಡಿ, ಸಾಮಾನ್ಯವಾಗಿ 2.5 ಮಿಲಿಮೋಲಾರ್. ಅನೆಕ್ಸಿನ್ ಅಂಟುವುದೇ ಕ್ಯಾಲ್ಸಿಯಂ ಇದ್ದರೆ. ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಇರುವ ಬಫರ್ ಬಳಸಿದ್ದೇವೆ ಅಂತ ಬರೆದುಕೊಂಡವರ ಫಲಿತಾಂಶವನ್ನು ಬದಿಗಿಡಿ.

ಪೆರಿಯ ಎಂಎಸ್ಸಿ

ಇನ್ನೊಂದು. ಅವರ ಒಂದು ಪೇಪರು ಕೀಟನಾಶಕ ಮತ್ತು ಲಿಂಫೋಮಾ ಮೇಲೆ. ನಮ್ಮ ಕಾಸರಗೋಡು ಜಿಲ್ಲೆಯ ವಿಷಯ ಅಂತ ಆಸಕ್ತಿ. ಅದನ್ನು ಹೇಗೆ ಓದುವುದು?

ಬದಿಯಡ್ಕ ಪೆಥಾಲಜಿ

ಜಾಗ್ರತೆಯಿಂದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 2015ರಲ್ಲಿ ಲಿಂಡೇನ್ ಎಂಬ ಕೀಟನಾಶಕವನ್ನು ಒಂದನೆಯ ಗುಂಪಿಗೆ (ಮನುಷ್ಯರಲ್ಲಿ ಕ್ಯಾನ್ಸರ್ ತರ್ತದೆ ಎಂಬುದು) ಹಾಕಿತು, ಅದೂ ನಾನ್-ಹಾಡ್ಜ್‌ಕಿನ್ ಲಿಂಫೋಮಾದ ಆಧಾರದ ಮೇಲೆ. ಅದನ್ನು ತೆಗೆದು ಎಂಡೋಸಲ್ಫಾನ್ ಮೇಲೆ ಅಂಟಿಸಲು ಆಗುವುದಿಲ್ಲ, ರಾಸಾಯನಿಕ ಬೇರೆ. ಗೇರುತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದ್ದರಿಂದ ಇಲ್ಲಿ ಜನ ಅನುಭವಿಸಿದ್ದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಪೇಪರಿನಲ್ಲಿ ನೋಡಬೇಕಾದ್ದು ಇಷ್ಟು: ಯಾರಿಗೆ ಎಷ್ಟು ತಾಗಿತು ಅಂತ ರಕ್ತದಲ್ಲಿ ಅಳೆದರಾ, ನೆನಪಿನಿಂದ ಕೇಳಿದರಾ? ಹೋಲಿಕೆಗೆ ತೆಗೆದವರು ಅದೇ ಪಂಚಾಯತಿನವರಾ? ಲಿಂಫೋಮಾ ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರಾ, ಬಗೆ ಬಗೆಯಾಗಿ ಬಿಡಿಸಿದರಾ?

ಗ್ರಂಥಾಲಯದ ಮಾಷ್ಟ್ರು

ಪೂರ್ತಿ ಪೇಪರು ಸಿಗುವುದಿಲ್ಲ ಅನ್ನುವ ಚಿಂತೆ ಬೇಡ. ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್ ಜನವರಿ 2025ರಿಂದ ಉಂಟು. ಸೇರಿದ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13 ಸಾವಿರ ಪತ್ರಿಕೆ ಸಿಕ್ತದೆ. ನಿಮ್ಮ ಲೈಬ್ರರಿಯಲ್ಲಿ ವಿಚಾರಿಸಿ. ಮತ್ತೆ ಭಾರತದ ಪಿಎಚ್‌ಡಿ ಥೀಸಿಸ್‌ಗಳ ಸಂಗ್ರಹ ಶೋಧಗಂಗಾದಲ್ಲಿ ಗೈಡ್ ಹೆಸರಿನಿಂದ ಹುಡುಕಿ. ಅವರ ಕೈಕೆಳಗೆ ಎಷ್ಟು ಮಂದಿ ಮುಗಿಸಿದರು, ನೋಂದಣಿಯಿಂದ ಸಲ್ಲಿಕೆಗೆ ಎಷ್ಟು ವರ್ಷ ಹಿಡಿಯಿತು ಅಂತ ಥೀಸಿಸ್‌ನ ಮೊದಲ ಪುಟಗಳಲ್ಲಿಯೇ ಹೆಚ್ಚಾಗಿ ಇರ್ತದೆ. ಆ ಹುಡುಗರು ಥೀಸಿಸ್‌ನ ಪೇಪರಿನಲ್ಲಿ ಮೊದಲ ಲೇಖಕರಾ ಅಂತಲೂ ನೋಡಿ. ಪೇಪರು ಹಿಂಪಡೆದದ್ದಿದ್ದರೆ ಪಬ್‌ಮೆಡ್ ಅದನ್ನು ಪುಟದ ತಲೆಯಲ್ಲಿಯೇ ಹಾಕ್ತದೆ. ಪ್ರಕಟವಾದ ಪೇಪರುಗಳ ಬಗ್ಗೆ ಓದುಗರು ಪ್ರಶ್ನೆ ಹಾಕುವ ಪಬ್‌ಪಿಯರ್‌ನಲ್ಲಿಯೂ ಒಮ್ಮೆ ಹೆಸರು ಹಾಕಿ ನೋಡಿ. ಅಲ್ಲಿ ಪ್ರಶ್ನೆ ಇದ್ದ ಮಾತ್ರಕ್ಕೆ ತಪ್ಪು ಅಂತ ಅಲ್ಲ, ಲೇಖಕರು ಉತ್ತರ ಕೊಟ್ಟ ರೀತಿ ನೋಡಿ.

ಪೆರಿಯ ಎಂಎಸ್ಸಿ

ಐದು ತೆಗೆದು ನೋಡಿದೆ. ನಾಲ್ಕರಲ್ಲಿ ಗೇಟಿಂಗ್, ಕ್ಲೋನ್ ಎಲ್ಲ ಸರಿ ಉಂಟು, ಎರಡರದ್ದು ಮೂಲ ಫೈಲ್ ಫ್ಲೋರೆಪೊಸಿಟರಿ ಎಂಬ ಸಾರ್ವಜನಿಕ ಸಂಗ್ರಹದಲ್ಲಿ ಉಂಟು. ಒಂದರಲ್ಲಿ ಮಾತ್ರ ಎರಡನೆಯ ಚಿತ್ರದ ನಾಲ್ಕು ಮೂಲೆಯಲ್ಲಿ 12.4, 3.1, 70.2, 18.6 ಅಂತ ಉಂಟು. 14 ರೋಗಿಗಳಲ್ಲಿ 62 ಶೇಕಡಕ್ಕೆ ಪಾಸಿಟಿವ್ ಅಂತಲೂ ಬರೆದಿದ್ದಾರೆ.

ಮಂಜೇಶ್ವರ ಲೆಕ್ಕ

ಕೂಡಿಸಿ ನೋಡಿದ್ರಾ? 104.3. ಒಂದೇ ಚೌಕದ ನಾಲ್ಕು ಮೂಲೆ 100 ಆಗಬೇಕು, ರೌಂಡ್ ಮಾಡಿದ್ದಕ್ಕೆ 0.1, 0.2 ಹೆಚ್ಚುಕಮ್ಮಿ ಆಗಬಹುದು, 4 ಆಗುವುದಿಲ್ಲ. 14ರಲ್ಲಿ 62 ಶೇಕಡವೂ ಬರುವುದಿಲ್ಲ. 8 ಮಂದಿ ಅಂದರೆ 57, 9 ಅಂದರೆ 64. ಬಹುಶಃ 13 ಮಂದಿಯಲ್ಲಿ 8, ಅದು 61.5. ಒಬ್ಬರನ್ನು ಎಲ್ಲೋ ಬಿಟ್ಟಿದ್ದಾರೆ, ಹೇಳಲಿಲ್ಲ.

ಉಪ್ಪಳದ ಫ್ಲೋ ಅಕ್ಕ

ಮೋಸ ಅಂತ ಈಗಲೇ ತೀರ್ಮಾನ ಮಾಡಬೇಡ. ಬೇರೆ ಟ್ಯೂಬಿನ ಸಂಖ್ಯೆಯನ್ನು ಚಿತ್ರದ ಮೇಲೆ ಕೈಯಲ್ಲಿ ಟೈಪ್ ಮಾಡಿದರೆ ಹೀಗೆಯೇ ಆಗ್ತದೆ. ಆ ಪೇಪರಿನ ಸಂಪರ್ಕ ಲೇಖಕರಿಗೆ ಮೈಲ್ ಹಾಕಿ ಎಫ್‌ಸಿಎಸ್ (ಮೆಷಿನ್‌ನ ಮೂಲ ದತ್ತಾಂಶ) ಮತ್ತು ಕಾಂಪೆನ್ಸೇಶನ್ (ಒಂದು ಬಣ್ಣ ಇನ್ನೊಂದರ ಚಾನೆಲ್‌ಗೆ ಸೋರುವುದನ್ನು ಕಳೆಯುವುದು) ಟ್ಯೂಬು ಕೇಳು, ಎರಡೇ ಸಾಲು: "ಎರಡನೆಯ ಚಿತ್ರದ ಎಫ್‌ಸಿಎಸ್ ಫೈಲ್ ಮತ್ತು ಕಾಂಪೆನ್ಸೇಶನ್ ಟ್ಯೂಬುಗಳನ್ನು ಕಳಿಸಬಹುದಾ? ನಾಲ್ಕು ಭಾಗದ ಮೊತ್ತ 104.3 ಬರ್ತದೆ, ನನ್ನ ಓದಿನಲ್ಲಿ ತಪ್ಪಿದೆಯಾ?" ಫೈಲ್ ಬಂದರೆ ಇಲ್ಲಿ ಹೇಳು, ಒಟ್ಟಿಗೆ ಗೇಟ್ ಹಾಕಿ ನೋಡುವ. ಕಾಂಪೆನ್ಸೇಶನ್ ಟ್ಯೂಬು ಕೇಳಲು ಮರೆಯಬೇಡ, ಅದಿಲ್ಲದೆ ಫೈಲ್ ಇದ್ದೂ ಅರ್ಧ ಕೆಲಸ.